ಮೈನಸ್ ನಲವತ್ತರ ಭಾನುವಾರಗಳು

ಬ್ರೇಕ್ ಮೇಷ್ಟ್ರು ಕಾರಿನ ಪಕ್ಕದ ಸೀಟಿನಲ್ಲಿ ಕೂತೇ ತಲೆ ನರೆಸಿಕೊಂಡವರು. ನಮ್ಮೂರಲ್ಲಿ ಕಾರು ಓಡಿಸುವ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರು ಅವರೇ. ನಾನೂ ಅವರ ಕೈಕೆಳಗೆ ಪಳಗಿದ್ದು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಿಗೊಂದು, ಕಲಿಸುವವರ ಕಾಲಿಗೊಂದು ಎಂದು ಎರಡು ಬ್ರೇಕ್ ಇರುತ್ತವೆ. ಆ ಎರಡನೆಯ ಬ್ರೇಕಿನ ಮೇಲೆ ಜೀವಮಾನವಿಡೀ ಪಾದ ಇಟ್ಟು ಕೂತು ಕೂತು, ಆ ಪಾದ ಮೇಷ್ಟ್ರ ಮಾತು ಕೇಳುವುದನ್ನೇ ಬಿಟ್ಟಿತ್ತು. ಮನೆಯಲ್ಲಿ ಟೀವಿ ನೋಡುವಾಗ ತೆರೆಯ ಮೇಲೆ ಲಾರಿ ಬಂದರೆ ಕಾಲು ತಾನಾಗಿ ನೆಲ ಒತ್ತುತ್ತಿತ್ತು. ಕ್ಷೌರದ ಕುರ್ಚಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದರೆ ಒತ್ತುತ್ತಿತ್ತು. ಒಮ್ಮೆ ಊಟದ ಮೇಜಿನ ಮೇಲೆ ಹೆಂಡತಿ ಉಪ್ಪಿನ ಡಬ್ಬಿಯನ್ನು ತುಸು ಜೋರಾಗಿ ಇವರತ್ತ ತಳ್ಳಿದಾಗ ಮೇಷ್ಟ್ರು ಮೇಜಿನ ಕೆಳಗೆ ಬ್ರೇಕ್ ಹಾಕಿಬಿಟ್ಟರು. ಅಲ್ಲಿ ಮಲಗಿದ್ದ ಬೆಕ್ಕು ಆಮೇಲೆ ಎಷ್ಟೋ ದಿನ ಆ ಮನೆ ಕಡೆ ತಲೆ ಹಾಕಲಿಲ್ಲ.

ಈ ಪಾದವೊಂದನ್ನು ಬಿಟ್ಟರೆ ಮೇಷ್ಟ್ರ ಮೈಯಲ್ಲಿ ಇನ್ಯಾವುದಕ್ಕೂ ಸ್ವಂತ ಅಭಿಪ್ರಾಯ ಇರಲಿಲ್ಲ. ಏನು ಕೇಳಿದರೂ "ಅದೂ ಸರಿಯೇ" ಎನ್ನುವರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅದಕ್ಕೆ ಕಾರಣವೂ ಇತ್ತು. ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರಿಗೂ ಎಲ್ಲದರ ಬಗ್ಗೆಯೂ ಅಭಿಪ್ರಾಯ. ಒಬ್ಬರು ಮೇಷ್ಟ್ರ ಹೆಂಡತಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಪರದೆ, ದಿಂಬಿನ ಚೀಲ ಹೊಲಿದು ಕೊಡುವವರು. ಇನ್ನೊಬ್ಬರು ಮೇಷ್ಟ್ರ ಅಕ್ಕ. ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು, ಮದುವೆಯ ಗೊಡವೆಗೆ ಹೋಗದವರು, ನಿವೃತ್ತಿಯಾದ ಮೇಲೆ ತಮ್ಮನ ಮನೆಯ ಮಹಡಿಯ ಕೋಣೆಗೆ ಬಂದು ನೆಲೆಸಿದವರು. ಹೆಂಡತಿಗೆ ಸದಾ ಚಳಿ. ಅಕ್ಕನಿಗೆ ಸದಾ ಸೆಕೆ. ಒಂದೇ ಗಾಳಿ ಇಬ್ಬರ ಮೈಗೂ ಬೇರೆ ಬೇರೆ ಸುದ್ದಿ ಹೇಳುತ್ತಿತ್ತು.

ಮನೆಯಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು. ಕೆಳಗಿನ ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು, ಮಹಡಿಯ ಕಿಟಕಿಗಳೆಲ್ಲ ತೆರೆದಿರುತ್ತಿದ್ದವು, ಮೇಷ್ಟ್ರು ನಡುವೆ ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಿದ್ದರು. ಕಷ್ಟ ಬರುತ್ತಿದ್ದದ್ದು ಭಾನುವಾರ. ಅಂದು ಪಾಠ ಇರುವುದಿಲ್ಲ. ಮೂವರೂ ಅದೇ ಸ್ಕೂಲಿನ ಕಾರಿನಲ್ಲಿ ಊರಾಚೆಯ ನದಿ ದಂಡೆಗೆ ಹೋಗಿ, ಬುತ್ತಿ ಬಿಚ್ಚಿ ತಿಂದು, ಸಂಜೆಗೆ ವಾಪಸ್ಸಾಗುವುದು ವಾಡಿಕೆ. ಅಂದು ಮೇಷ್ಟ್ರು ಓಡಿಸುವರು. ಮೇಷ್ಟ್ರ ಸೀಟಿನಲ್ಲಿ, ಅಂದರೆ ಎರಡನೆಯ ಬ್ರೇಕಿನ ಮುಂದೆ, ಹೆಂಡತಿ ಕೂರುವರು. ಹಿಂದೆ ಅಕ್ಕ.

ಕಾರು ಬೀದಿಯ ತಿರುವು ದಾಟುವ ಮೊದಲೇ ಶುರುವಾಗುತ್ತಿತ್ತು.

"ಅತ್ತಿಗೆ, ಗ್ಲಾಸ್ ಸ್ವಲ್ಪ ಏರಿಸಿ. ಗಾಳಿ ನೇರವಾಗಿ ಕಿವಿಗೇ ಬರ್ತಿದೆ."

"ನಿನ್ನ ಕಿವಿ ಮುಂದಿದೆ, ನನ್ನ ಗ್ಲಾಸು ಹಿಂದಿದೆ. ಗಾಳಿ ಏನು ಹಿಂದುಮುಂದಾಗಿ ಬೀಸುತ್ತಾ?"

"ಹೇಗಾದ್ರೂ ಬೀಸ್ಲಿ, ನನಗೆ ಚಳಿ."

"ನನಗೆ ಉಸಿರು ಕಟ್ಟುತ್ತೆ ಕಣಮ್ಮ. ಇದೇನು ಕಾರೋ, ಕುಲುಮೆಯೋ?"

"ಏನ್ರೀ, ನೀವೇ ಹೇಳಿ. ಚಳಿ ಇದೆಯೋ ಇಲ್ವೋ?"

"ಇರಬಹುದು," ಎನ್ನುವರು ಮೇಷ್ಟ್ರು.

"ಏನು ಇರಬಹುದು? ತಮ್ಮ, ಸರಿಯಾಗಿ ಹೇಳು. ಸೆಕೆ ಇಲ್ವಾ?"

"ಅದೂ ಸರಿಯೇ."

ಆಗ ಹೆಂಡತಿ ಸಿಟ್ಟಿನಿಂದ ಎರಡನೆಯ ಬ್ರೇಕ್ ಒತ್ತುವರು. ಕಾರು ಮುಗ್ಗರಿಸಿ ನಿಲ್ಲುವುದು. ಹಿಂದೆ ಅಕ್ಕನ ತೊಡೆಯ ಮೇಲಿನ ಬುತ್ತಿ ನೆಲಕ್ಕೆ ಜಾರುವುದು. ಅವರು ಬ್ರೆಡ್ಡಿನ ಮೇಲಿನ ಧೂಳು ಊದುತ್ತ, "ನನ್ನ ತಮ್ಮ ಮದುವೆಗೆ ಮೊದಲು ಬ್ರೇಕೇ ಹಾಕ್ತಿರಲಿಲ್ಲ," ಎಂದು ಕಿಟಕಿಯ ಆಚೆಗೆ ಹೇಳುವರು.

ಇಂಥ ಎಷ್ಟೋ ಭಾನುವಾರಗಳು ಕಳೆದ ಮೇಲೆ ಹಲ್ಲಿನ ಡಾಕ್ಟರೊಬ್ಬರು ಕಾರು ಕಲಿಯಲು ಬಂದರು. ತುಂಬ ಜಾಣೆ, ಕೈಗುಣ ಒಳ್ಳೆಯದು ಎಂದು ಊರೆಲ್ಲ ಹೆಸರು. ಆದರೆ ಸ್ಟಿಯರಿಂಗ್ ಮುಂದೆ ಕೂತರೆ ಮಾತ್ರ ಆಕೆ ಕ್ಲಚ್ಚನ್ನು ಹಲ್ಲು ಕಿತ್ತಂತೆ ಒಮ್ಮೆಗೇ ಬಿಡುತ್ತಿದ್ದರು. ಕಾರು ಕುಪ್ಪಳಿಸಿ ಸಾಯುತ್ತಿತ್ತು. ಪರೀಕ್ಷೆಗೆ ಹೋದಾಗಲೆಲ್ಲ ಫೇಲಾಗಿ ಬರುತ್ತಿದ್ದರು. ಮನೆಯಲ್ಲಿ ಹೊಸ ಕಾರು ಬೇರೆ ತಂದು ನಿಲ್ಲಿಸಿದ್ದರು.

"ಆ ಕಾರಲ್ಲಿ ಹೊರಗೆ ಎಷ್ಟು ಡಿಗ್ರಿ ಅಂತ ತೋರ್ಸುತ್ತೆ ಮೇಷ್ಟ್ರೇ," ಎಂದರು ಒಂದು ದಿನ, ಸಿಗ್ನಲ್ಲಿನಲ್ಲಿ. "ಓಡ್ಸೋಕಂತೂ ಬರಲ್ಲ. ದಿನಾ ಸಂಜೆ ಒಳಗೆ ಹೋಗಿ ಕೂತು ಅದನ್ನೇ ನೋಡ್ತೀನಿ. ಎಷ್ಟು ಸಮಾಧಾನ ಆಗುತ್ತೆ ಗೊತ್ತಾ? ನಮ್ಮ ಯಜಮಾನ್ರು ಏನೇ ಹೇಳ್ಲಿ, ಅಲ್ಲಿ ಇಪ್ಪತ್ತೇಳು ಅಂದ್ರೆ ಇಪ್ಪತ್ತೇಳು."

ಸಿಗ್ನಲ್ ಹಸಿರಾಯಿತು, ಕಾರು ಕುಪ್ಪಳಿಸಿ ಸತ್ತಿತು, ಹಿಂದಿನವರು ಹಾರ್ನ್ ಬಾರಿಸಿದರು. ಮೇಷ್ಟ್ರಿಗೆ ಯಾವುದೂ ಕೇಳಿಸಲಿಲ್ಲ. ಯಾರ ಕಡೆಯ ನೆಂಟನೂ ಅಲ್ಲದ, ಯಾರ ಮನೆಯ ಉಪ್ಪನ್ನೂ ತಿನ್ನದ ಒಬ್ಬ ಪಂಚಾಯಿತಿದಾರ ಕಾರಿನಲ್ಲೇ ಕೂತಿದ್ದರೆ ತನ್ನನ್ನು ಯಾರೂ ಏನೂ ಕೇಳಬೇಕಾಗಿಲ್ಲ ಎಂಬುದು ಅವರ ತಲೆಗೆ ಹೊಳೆದುಬಿಟ್ಟಿತ್ತು.

ಮರುದಿನವೇ ಫ್ಯೂಸಪ್ಪನ ಅಂಗಡಿಗೆ ಹೋದರು. ಕಾರುಗಳಿಗೆ ವೈರಿಂಗ್ ಮಾಡುವ ಈತ ಯಾವ ಗಾಡಿ ಬಂದರೂ ಬಾನೆಟ್ ತೆಗೆಯುವ ಮೊದಲೇ "ಫ್ಯೂಸ್ ಹೋಗಿದೆ" ಎನ್ನುತ್ತಿದ್ದುದರಿಂದ ಆ ಹೆಸರು. ಮೇಷ್ಟ್ರು ವಿಷಯ ಹೇಳಿದರು. ಫ್ಯೂಸಪ್ಪ ಬೀಡಿ ಆರಿಸಿ, ಕಾರನ್ನು ಒಂದು ಸುತ್ತು ಬಂದ.

"ಡಿಸ್‌ಪ್ಲೇ ಎಲ್ಲಿ ಬೇಕಾದ್ರೂ ಕೂರಿಸಬಹುದು. ಸೆನ್ಸರ್ ಎಲ್ಲಿಡೋದು ಅನ್ನೋದೇ ಪ್ರಶ್ನೆ. ಎಂಜಿನ್ ಹತ್ರ ಇಟ್ರೆ ಎಂಜಿನ್ ಬಿಸಿ ತೋರ್ಸುತ್ತೆ. ಹಿಂದೆ ಇಟ್ರೆ ಹೊಗೆ ಬಿಸಿ. ಮೇಲೆ ಇಟ್ರೆ ಬಿಸಿಲು."

"ಬರೀ ಹೊರಗಿನದು ಬೇಕು."

"ಹೊರಗೆ ಅಂದ್ರೆ ಎಲ್ಲಿ ಮೇಷ್ಟ್ರೇ? ಎಲ್ಲಾ ಕಡೆ ಏನಾದ್ರೂ ಒಂದು ಇದ್ದೇ ಇರುತ್ತಲ್ಲ."

ಮೇಷ್ಟ್ರು "ಅದೂ ಸರಿಯೇ," ಎಂದರು. ಕೊನೆಗೆ ಮುಂದಿನ ಬಂಪರಿನ ಕೆಳಗೆ, ನಂಬರ್ ಪ್ಲೇಟಿನ ಹಿಂದೆ, ಗಾಳಿ ಆಡುವ ಕಡೆ ಅವರೆಕಾಳಿನಷ್ಟು ದೊಡ್ಡ ಸೆನ್ಸರನ್ನು ಕಟ್ಟಿದರು. ಅದರ ವೈರನ್ನು ಎಂಜಿನ್ ಪಕ್ಕದಿಂದ ಎಳೆದು, ರಬ್ಬರಿನ ತೂತಿನೊಳಗೆ ತೂರಿಸಿ ಒಳಗೆ ತಂದರು. ಡ್ಯಾಶ್‌ಬೋರ್ಡಿನ ಮೇಲೆ ಬೆಂಕಿಪೊಟ್ಟಣದಷ್ಟು ಡಬ್ಬಿಯಲ್ಲಿ ಹಸಿರು ಅಂಕಿಗಳು ಎದ್ದವು.

"ಇದು ಸುಳ್ಳು ಹೇಳಲ್ಲ ತಾನೆ?" ಕೇಳಿದರು ಮೇಷ್ಟ್ರು.

"ಸೆನ್ಸರ್ ಸುಳ್ಳು ಹೇಳಲ್ಲ. ವೈರು ಹೇಳಿದ್ರೆ ಹೇಳೀತು," ಎಂದ ಫ್ಯೂಸಪ್ಪ.

ಆ ಭಾನುವಾರ ಮೇಷ್ಟ್ರು ಎಂದೂ ಇಲ್ಲದ ಉತ್ಸಾಹದಲ್ಲಿ ಕಾರು ತೊಳೆದು ನಿಲ್ಲಿಸಿದರು. ಇಬ್ಬರೂ ಹತ್ತಿ ಕೂತರು. ಕೀಲಿ ತಿರುಗಿತು. ಇಪ್ಪತ್ತನಾಲ್ಕು ಎಂದು ತೋರಿಸಿತು.

"ನೋಡಿದ್ರಾ ಅತ್ತಿಗೆ?" ಎಂದರು ಹೆಂಡತಿ. "ಬರೀ ಇಪ್ಪತ್ತನಾಲ್ಕು. ನಾನು ಚಳಿ ಅಂದ್ರೆ ನಂಬ್ತಿರಲಿಲ್ಲ."

"ನೋಡ್ದೆ," ಎಂದರು ಅಕ್ಕ. "ಇಪ್ಪತ್ತನಾಲ್ಕು. ಬೆಳಿಗ್ಗೆ ಬೆಳಿಗ್ಗೆನೇ ಇಷ್ಟು ಸೆಕೆ ಆದ್ರೆ ಮಧ್ಯಾಹ್ನ ಏನು ಗತಿ?"

ಮೇಷ್ಟ್ರು ಸ್ಟಿಯರಿಂಗಿಗೆ ಹಣೆ ಆನಿಸಿ ಕೂತರು. ಪಂಚಾಯಿತಿದಾರ ಬಂದಿದ್ದ, ಆದರೆ ತೀರ್ಪು ತಂದಿರಲಿಲ್ಲ.

ಅಂದು ನದಿ ದಂಡೆಯ ಬೆಂಚಿನ ಮೇಲೆ ಕೂತು ಅವರು ಒಂದು ಒಪ್ಪಂದಕ್ಕೆ ಬಂದರು. ಎರಡು ದೇಶಗಳು ಗಡಿ ಗುರುತಿಸಿದಂತೆ ಗಂಭೀರವಾಗಿ ಮಾತುಕತೆ ನಡೆಯಿತು. ಇಪ್ಪತ್ತೆಂಟರ ಕೆಳಗಿರುವುದೆಲ್ಲ ಚಳಿ ಎಂದು ಹೆಂಡತಿ ಹೇಳಿದರು. ಇಪ್ಪತ್ತೆರಡರ ಮೇಲಿರುವುದೆಲ್ಲ ಸೆಕೆ ಎಂದು ಅಕ್ಕ. ಎಳೆದಾಡಿ ಇಪ್ಪತ್ತೈದಕ್ಕೆ ತಂದು ನಿಲ್ಲಿಸಿದರು. ಇಪ್ಪತ್ತೈದರ ಮೇಲಾದರೆ ಗ್ಲಾಸು ಇಳಿಸುವುದು, ಕೆಳಗಾದರೆ ಏರಿಸುವುದು. ಮೇಷ್ಟ್ರಿಗೆ ಮಾತಿನ ಕೆಲಸವೇ ಇಲ್ಲ. ಅಂದು ಸಂಜೆ ಅವರು ಮೆಟ್ಟಿಲ ಮೇಲೆ ಕೂತು ಸಿಳ್ಳೆ ಹಾಕುತ್ತಿದ್ದರೆಂದು ಪಕ್ಕದ ಮನೆಯವರು ಹೇಳುತ್ತಾರೆ.

ಮುಂದಿನ ಭಾನುವಾರ ಹೊರಗೆ ಸರಿಯಾಗಿ ಇಪ್ಪತ್ತೈದರ ಆಸುಪಾಸು. ಅಂಕಿ ಇಪ್ಪತ್ತಾರು ಆಯಿತು. ಅಕ್ಕ ಗ್ಲಾಸಿನ ಹಿಡಿ ತಿರುಗಿಸಿ ಇಳಿಸಿದರು. ಇಪ್ಪತ್ತನಾಲ್ಕಾಯಿತು; ಹೆಂಡತಿ ಹಿಂದೆ ತಿರುಗಿ ನೋಡಿದರು; ಅಕ್ಕ ಮತ್ತೆ ಹಿಡಿ ತಿರುಗಿಸಿ ಏರಿಸಿದರು. ಆ ಕಾರಿನ ಹಿಡಿಗಳು ಹಳೆಯವು, ಬಾವಿಯಿಂದ ನೀರು ಸೇದಿದಷ್ಟು ಶ್ರಮ. ಸೇತುವೆ ಬರುವಷ್ಟರಲ್ಲಿ ಅಕ್ಕನ ರಟ್ಟೆ ಸೋತಿತ್ತು. ಆದರೆ ಅಷ್ಟರಲ್ಲೇ ಅವರು ಒಂದು ಸಂಗತಿ ಕಂಡುಕೊಂಡಿದ್ದರು. ಕಾರು ನಿಂತರೆ ಎಂಜಿನ್ನಿನ ಬಿಸಿ ಬಂಪರಿಗೆ ತಾಕಿ ಅಂಕಿ ಏರುತ್ತದೆ.

"ತಮ್ಮ, ಸ್ವಲ್ಪ ನಿಲ್ಲಿಸೋ. ಬಾಯಾರಿಕೆ."

ನಿಲ್ಲಿಸಿದರು. ಅಂಕಿ ಇಪ್ಪತ್ತೇಳಾಯಿತು. ಅಕ್ಕ ನೀರು ಕುಡಿಯುವ ಮೊದಲು ಗ್ಲಾಸು ಇಳಿಸಿಕೊಂಡರು.

ಹೆಂಡತಿಯೇನು ಕಮ್ಮಿಯೇ? ಜೋರಾಗಿ ಹೋದರೆ ಗಾಳಿ ಬಡಿದು ಅಂಕಿ ಇಳಿಯುತ್ತದೆಂದು ಅವರೂ ಕಂಡುಕೊಂಡರು. "ಸ್ವಲ್ಪ ಬೇಗ ಹೋಗ್ರೀ, ಹೊತ್ತಾಯ್ತು," ಎಂದರು. ಮೇಷ್ಟ್ರು ಬೇಗ ಹೋದರು. ಅಕ್ಕನಿಗೆ ಮತ್ತೆ ಬಾಯಾರಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಆ ಕಾರು ಅಂದು ಹೆದ್ದಾರಿಯಲ್ಲಿ ಓಡುತ್ತ, ನಿಲ್ಲುತ್ತ, ಚಿಮ್ಮುತ್ತ, ಮುಗ್ಗರಿಸುತ್ತ ಸಾಗಿತು. ಕೊನೆಗೆ ಟ್ರಾಫಿಕ್ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ. ಕಾರಿನ ನೆತ್ತಿಯ ಮೇಲಿನ ಡ್ರೈವಿಂಗ್ ಸ್ಕೂಲಿನ ಬೋರ್ಡು ನೋಡಿದ. ಬೆವತುಹೋಗಿದ್ದ ಮೇಷ್ಟ್ರನ್ನು ನೋಡಿದ.

"ಕಲಿಸೋರು ಯಾರು?"

ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟು ಕೂತಿದ್ದ ಹೆಂಡತಿ ಒಂದು ಕ್ಷಣವೂ ತಡಮಾಡದೆ, "ನಾನೇ," ಎಂದರು.

"ಈ ವಯಸ್ಸಲ್ಲಿ ಕಲಿಯೋಕೆ ಬಂದಿದಾರೆ, ಪಾಪ," ಎಂದ ಪೊಲೀಸಿನವನು. "ಇನ್ನೂ ಒಂದಿಷ್ಟು ದಿನ ಖಾಲಿ ಮೈದಾನದಲ್ಲಿ ಓಡ್ಸಿ ಅಮ್ಮ. ಆಮೇಲೆ ರಸ್ತೆಗೆ ಬಿಡಿ." ಮೇಷ್ಟ್ರ ಕಡೆ ತಿರುಗಿ, "ಗಾಬರಿ ಪಡಬೇಡಿ ಸಾರ್. ಎಲ್ಲರಿಗೂ ಬರುತ್ತೆ," ಎಂದು ಧೈರ್ಯ ಹೇಳಿ ಕಳಿಸಿದ.

ಆ ಪೊಲೀಸಿನವನಿಗೂ ಕಾರು ಕಲಿಸಿದವರು ನಮ್ಮ ಮೇಷ್ಟ್ರೇ ಇರಬಹುದು ಎಂದು ನನಗೆ ಅನುಮಾನ. ಕೇಳಿದರೆ ಮೇಷ್ಟ್ರು "ಇರಬಹುದು" ಎಂದರಷ್ಟೆ.

ಹೀಗಿರುವಾಗ ಕಾರು ನಿಲ್ಲಿಸುವ ಶೆಡ್ಡಿಗೆ ಇಲಿ ಬಂತು. ಬಾನೆಟ್ಟಿನ ಬೆಚ್ಚಗಿನ ಜಾಗದಲ್ಲಿ ಮಲಗಿ, ಬೆಳಗಿನ ಫಲಾಹಾರಕ್ಕೆ ಸೆನ್ಸರಿನ ವೈರನ್ನು ಕಡಿದು ಹೋಯಿತು. ಮೊದಲು ನೋಡಿದ್ದು ಹಲ್ಲಿನ ಡಾಕ್ಟರು. ಸೀಟ್ ಬೆಲ್ಟ್ ಹಾಕಿಕೊಂಡು, ಕನ್ನಡಿ ಸರಿಪಡಿಸಿ, ಡ್ಯಾಶ್‌ಬೋರ್ಡ್ ನೋಡಿದವರು ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಮೇಷ್ಟ್ರೇ, ಹೊರಗೆ ಮೈನಸ್ ನಲವತ್ತು."

ಮೇಷ್ಟ್ರು ನೋಡಿದರು. ಹಸಿರು ಅಂಕಿ, ಅದರ ಎಡಕ್ಕೆ ಒಂದು ಅಡ್ಡಗೆರೆ, ಸಂದೇಹವೇ ಇಲ್ಲ. ಇಬ್ಬರೂ ಕಿಟಕಿಯಿಂದ ಆಚೆ ನೋಡಿದರು. ಎದುರು ಮನೆಯ ತಾತ ಬನಿಯನ್ನಿನಲ್ಲಿ ನಿಂತು ಗಿಡಕ್ಕೆ ನೀರು ಹಾಕುತ್ತಿದ್ದ. ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆಯಿಂದ ಹಬೆ ಏಳುತ್ತಿತ್ತು.

"ಇರಲಾರದು," ಎಂದರು ಡಾಕ್ಟರು. ಮತ್ತೆ ಡಬ್ಬಿಯತ್ತ ನೋಡಿ, "ಆದ್ರೂ ಗ್ಲಾಸು ಏರಿಸಿಕೊಳ್ಳೋಣ ಅಲ್ವಾ? ರಸ್ತೆ ಜಾರುತ್ತೇನೋ," ಎಂದರು.

ನಂಬಿದರೋ ಇಲ್ಲವೋ, ಆ ದಿನ ಆಕೆ ಕ್ಲಚ್ಚನ್ನು ಗಾಜಿನ ಮೇಲೆ ಕಾಲಿಟ್ಟವರ ಹಾಗೆ ಬಿಟ್ಟರು. ಕಾರು ಕುಪ್ಪಳಿಸಲಿಲ್ಲ. ತಿರುವಿನಲ್ಲಿ ಮೊದಲೇ ವೇಗ ತಗ್ಗಿಸಿದರು, ಬ್ರೇಕನ್ನು ಮೆಲ್ಲಗೆ ಒತ್ತಿದರು. ಊರೆಲ್ಲ ಒಂದು ಸುತ್ತು ಬಂದು ಶೆಡ್ಡಿನ ಮುಂದೆ ನಿಲ್ಲಿಸುವವರೆಗೆ ಮೇಷ್ಟ್ರ ಪಾದಕ್ಕೆ ಕೆಲಸವೇ ಬೀಳಲಿಲ್ಲ. ಇಳಿಯುವಾಗ ಡಾಕ್ಟರ ಕಣ್ಣಲ್ಲಿ ನೀರಿತ್ತು.

"ರಸ್ತೆ ಮೇಲೆ ಮಂಜುಗಡ್ಡೆ ಇದೆ ಅಂದುಕೊಂಡೆ ಮೇಷ್ಟ್ರೇ. ದಯವಿಟ್ಟು ಅದನ್ನ ಸರಿ ಮಾಡಿಸಬೇಡಿ."

ಮೇಷ್ಟ್ರು ಆದರೂ ಫ್ಯೂಸಪ್ಪನಿಗೆ ತೋರಿಸಿದರು. ಆತ ಫ್ಯೂಸ್ ಹೋಗಿದೆ ಎಂದ. ಬಾನೆಟ್ ತೆಗೆದು ನೋಡಿ, ಇಲ್ಲ, ವೈರು ತುಂಡಾಗಿದೆ ಎಂದ. "ಇದಕ್ಕೆ ಸೆನ್ಸರ್ ಸಿಕ್ತಿಲ್ಲ, ಅದಕ್ಕೇ ತಳ ಮುಟ್ಟಿ ಮೈನಸ್ ನಲವತ್ತು ಅಂತಿದೆ. ಅದು ಚಳಿ ಅಲ್ಲ ಮೇಷ್ಟ್ರೇ, ಗೈರುಹಾಜರಿ. ಕೂರಿ, ಈಗಲೇ ಜೋಡಿಸ್ತೀನಿ."

"ಪಾಠ ಮುಗಿದ ಮೇಲೆ ಬರ್ತೀನಿ," ಎಂದು ಮೇಷ್ಟ್ರು ಹೊರಟರು. ಉಳಿದ ಶಿಷ್ಯರೂ ಮೈನಸ್ ನಲವತ್ತರಲ್ಲಿ ಚೆನ್ನಾಗಿ ಓಡಿಸುತ್ತಿದ್ದರು. ನೋಡನೋಡುತ್ತ ಭಾನುವಾರ ಬಂದುಬಿಟ್ಟಿತು.

ಮೇಷ್ಟ್ರು ನಿಜ ಹೇಳಲೆಂದೇ ಇದ್ದರು. ಮಾತನ್ನು ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡೇ ಕೀಲಿ ತಿರುಗಿಸಿದರು. ಅಕ್ಕ ಹಿಂದಿನಿಂದ ಬಗ್ಗಿ ಅಂಕಿ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ನೋಡಿದರು. ಆಮೇಲೆ ಹಿಡಿ ತಿರುಗಿಸಿ ಗ್ಲಾಸನ್ನು ತುದಿಯವರೆಗೆ ಏರಿಸಿದರು.

ಹೆಂಡತಿ ಹಿಂದೆ ತಿರುಗಿದರು. ಗೆದ್ದವರ ಮಾತು ಒಂದು ಬಂದೇ ಬರುತ್ತದೆಂದು ಮೇಷ್ಟ್ರು ಕುತ್ತಿಗೆ ಕುಗ್ಗಿಸಿ ಕಾದರು. ಬರಲಿಲ್ಲ. ಹೆಂಡತಿ ಹೆಗಲ ಮೇಲಿದ್ದ ಉಣ್ಣೆ ಶಾಲು ತೆಗೆದು ಹಿಂದಕ್ಕೆ ಚಾಚಿದರು.

"ಹೊದ್ಕೊಳ್ಳಿ ಅತ್ತಿಗೆ. ನನ್ನ ಹತ್ರ ಇನ್ನೊಂದಿದೆ."

"ಥರ್ಮಾಮೀಟರ್ ಜೊತೆ ವಾದ ಮಾಡೋ ರೋಗಿಗಳನ್ನ ಬೇಕಾದಷ್ಟು ನೋಡಿದೀನಮ್ಮ," ಎಂದರು ಅಕ್ಕ, ಶಾಲು ಹೊದ್ದು. "ನಾನು ಆ ಜಾತಿಯೋಳಲ್ಲ. ತಮ್ಮ, ಚಳಿ ಅಲ್ವಾ?"

ಮೇಷ್ಟ್ರು ಸಿದ್ಧ ಮಾಡಿಟ್ಟ ಮಾತನ್ನು ನುಂಗಿ, "ಅದೂ ಸರಿಯೇ," ಎಂದರು. ಅಂದು ಬುತ್ತಿ ನೆಲಕ್ಕೆ ಬೀಳಲಿಲ್ಲ.

ಹೀಗೆ ಆ ಮನೆಯಲ್ಲಿ ಶಾಂತಿ ನೆಲೆಸಿತು. ಬೇಸಿಗೆ ಏರುತ್ತಿದ್ದ ಕಾಲ ಅದು. ಪ್ರತಿ ಭಾನುವಾರ ಗ್ಲಾಸುಗಳೆಲ್ಲ ಮುಚ್ಚಿದ ಕಾರೊಂದು ಊರಾಚೆ ಹೋಗುತ್ತಿತ್ತು. ಒಳಗೆ ಸ್ವೆಟರ್, ಮಫ್ಲರ್ ಹಾಕಿಕೊಂಡ ಮೂವರು. ಅತ್ತಿಗೆಗೆಂದು ಹೆಂಡತಿ ಪರದೆಯ ದಪ್ಪ ಬಟ್ಟೆಯಲ್ಲಿ ಕಾಲುಚೀಲ ಹೊಲಿದರು. ಅಕ್ಕ ಆಸ್ಪತ್ರೆಯ ಕಾಲದ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ತಂದು ಹೆಂಡತಿಯ ಬೆನ್ನಿಗಿಟ್ಟರು. ಕಾರು ನದಿ ದಂಡೆಗೆ ಹೋಗಿ ನಿಂತರೂ ಯಾರೂ ಇಳಿಯುತ್ತಿರಲಿಲ್ಲ; ಹೊರಗೆ ಮೈನಸ್ ನಲವತ್ತಲ್ಲವೆ? ಗ್ಲಾಸಿನೊಳಗಿಂದಲೇ ನದಿ ನೋಡುತ್ತ, ಫ್ಲಾಸ್ಕಿನ ಚಹಾ ಕುಡಿಯುತ್ತ, ಮರಳಿನ ಮೇಲೆ ಚಡ್ಡಿಯಲ್ಲಿ ಓಡಾಡುವವರನ್ನೂ ನೀರಿಗೆ ಧುಮುಕುವವರನ್ನೂ ಕಂಡು ಮರುಗುತ್ತಿದ್ದರು.

"ಬುದ್ಧಿ ಇಲ್ಲದ ಜನ. ನಾಳೆ ನ್ಯುಮೋನಿಯಾ ಅಂತ ಬಂದು ಮಲಗ್ತಾರೆ," ಎನ್ನುತ್ತಿದ್ದರು ಅಕ್ಕ.

"ಮನೇಲಿ ಹೇಳೋರು ಕೇಳೋರು ಇಲ್ವೇನೋ, ಪಾಪ," ಎನ್ನುತ್ತಿದ್ದರು ಹೆಂಡತಿ.

ಸೆಕೆ-ಚಳಿಯ ಜಗಳ ಹೋದ ಮೇಲೆ ಇಬ್ಬರಿಗೂ ಮಾತಾಡಲು ಬೇರೆ ವಿಷಯಗಳು ಸಿಕ್ಕವು. ಅಕ್ಕ ಆಸ್ಪತ್ರೆಯಲ್ಲಿ ಒಬ್ಬ ದೊಡ್ಡ ಡಾಕ್ಟರನ್ನು ರೋಗಿಯೆಂದು ತಿಳಿದು ಇಂಜೆಕ್ಷನ್ ಚುಚ್ಚಿದ ಕತೆ ಹೇಳಿದರು. ಹೆಂಡತಿ ನಕ್ಕು ನಕ್ಕು ಕೆಮ್ಮಿದರು. ಇಬ್ಬರೂ ಸೇರಿ ನಗುವುದನ್ನು ಮೇಷ್ಟ್ರು ಅದುವರೆಗೆ ಕೇಳಿರಲಿಲ್ಲ. ಅವರು ಸ್ಟಿಯರಿಂಗ್ ಹಿಡಿದು ಕೂತಲ್ಲೇ ಕರಗುತ್ತಿದ್ದರು. ಬೆವರು ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ಮಫ್ಲರಿಗೆ ಇಳಿಯುತ್ತಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಆ ಮಾತಿನ ಜೊತೆಗೇ ಈ ನಗುವೂ ಹೋಗುತ್ತದಲ್ಲ ಎಂದು ಅವರಿಗೆ ಸಂಕಟ.

ಆ ವರ್ಷದ ಅತ್ಯಂತ ಬಿಸಿಯಾದ ಭಾನುವಾರ ಬಂತು. ರಸ್ತೆಯ ಟಾರು ಮೆತ್ತಗಾಗಿತ್ತು. ನದಿ ದಂಡೆ ತಲುಪುವಷ್ಟರಲ್ಲಿ ಮೇಷ್ಟ್ರಿಗೆ ಎರಡೆರಡು ಸೇತುವೆ ಕಾಣಿಸತೊಡಗಿತ್ತು. ಕಾರು ನಿಲ್ಲಿಸಿ, ಕೈಯನ್ನು ಸ್ಟಿಯರಿಂಗಿನಿಂದ ಬಿಡಿಸಿಕೊಂಡು, ತಮ್ಮ ಜೀವಮಾನದಲ್ಲಿ ಮೊದಲ ಸಲ ಅವರು ಹೇಳಿದರು:

"ನನಗೆ ಸೆಕೆ ಆಗ್ತಿದೆ."

ಅಕ್ಕ ಹಿಂದಿನಿಂದ ಕೈ ಚಾಚಿ ಹಣೆ ಮುಟ್ಟಿ ನೋಡಿದರು.

"ಇದು ಒಳ್ಳೇ ಲಕ್ಷಣ ಅಲ್ಲ," ಎಂದರು, ಕಣ್ಣು ಮಿಟುಕಿಸದೆ. "ಚಳಿಯಲ್ಲಿ ಹೆಪ್ಪುಗಟ್ಟಿ ಸಾಯೋರು ಕೊನೆಗೆ ಸೆಕೆ ಸೆಕೆ ಅಂತ ಬಟ್ಟೆ ಬಿಚ್ಚುತ್ತಾರೆ. ಆ ರಗ್ಗು ಕೊಡಮ್ಮ."

ಹೆಂಡತಿ ರಗ್ಗು ಕೊಟ್ಟರು. ಇಬ್ಬರೂ ಸೇರಿ ಅದನ್ನು ಮೇಷ್ಟ್ರ ಕೊರಳವರೆಗೆ ಸುತ್ತಿದರು. ಬಿಸಿನೀರಿನ ಚೀಲವೂ ಅವರ ಹೊಟ್ಟೆಯ ಮೇಲೆ ಬಂತು.

ಮೇಷ್ಟ್ರು ಬಾಗಿಲು ತೆಗೆದರು. ರಗ್ಗು ಬಿತ್ತು, ಚೀಲ ಬಿತ್ತು. ಮಫ್ಲರ್, ಸ್ವೆಟರ್, ಶರ್ಟು ಒಂದೊಂದಾಗಿ ಮರಳಿನ ಮೇಲೆ ಬಿದ್ದವು. ಪ್ಯಾಂಟು, ಶೂ ಸಮೇತ ನದಿಗಿಳಿದು, ಕುತ್ತಿಗೆವರೆಗೆ ನೀರು ಬರುವ ಕಡೆ ಹೋಗಿ ನಿಂತರು. ಸುತ್ತ ಈಜುತ್ತಿದ್ದವರು ಶೂ ಹಾಕಿಕೊಂಡು ಬಂದ ಮುದುಕರನ್ನು ಕಂಡು ಮರ್ಯಾದೆಯಿಂದ ದಾರಿ ಬಿಟ್ಟರು.

ಇಬ್ಬರು ಹೆಂಗಸರೂ ಕಾರಿನಿಂದಿಳಿದು ಮರಳಿನ ಮೇಲೆ ಓಡಿಬಂದರು. ಅರ್ಧ ದಾರಿಯಲ್ಲಿ ಅಕ್ಕ ನಿಂತರು. ಸ್ವೆಟರ್ ಕಳಚಿ ಹೆಗಲಿಗೆ ಹಾಕಿಕೊಂಡರು. ಪರದೆ ಬಟ್ಟೆಯ ಕಾಲುಚೀಲವನ್ನು ಮಾತ್ರ ಕೈಯಲ್ಲಿ ಜೋಪಾನವಾಗಿ ಹಿಡಿದುಕೊಂಡರು. ಹೆಂಡತಿಯೂ ಶಾಲು ತೆಗೆದು ಅದರಲ್ಲೇ ಮುಖ ಒರೆಸಿಕೊಂಡರು.

"ಡಬ್ಬಿ ಕೆಟ್ಟಿದೆ," ಎಂದು ಮೇಷ್ಟ್ರು ನೀರಿನಿಂದಲೇ ಕೂಗಿದರು. "ವೈರನ್ನ ಇಲಿ ಕಡಿದಿದೆ. ನನಗೆ ಮೊದಲಿಂದ ಗೊತ್ತಿತ್ತು. ಹೇಳಲಿಲ್ಲ."

"ಗೊತ್ತು," ಎಂದರು ಅಕ್ಕ.

"ಏನು ಗೊತ್ತು?"

"ಮೈನಸ್ ನಲವತ್ತರಲ್ಲಿ ನದಿ ಹರಿಯಲ್ಲ ಅನ್ನೋದು. ಜೀವನಪೂರ್ತಿ ಥರ್ಮಾಮೀಟರ್ ಹಿಡಿದೋಳಿಗೆ ಅಷ್ಟೂ ಗೊತ್ತಾಗಲ್ವೇನೋ?"

"ಮತ್ತೆ ಗ್ಲಾಸ್ ಯಾಕೆ ಏರಿಸಿದೆ?"

ಅಕ್ಕ ಹೆಂಡತಿಯ ಕಡೆ ನೋಡಲಿಲ್ಲ. "ಒಂದು ಸಲ ಏರಿಸಿ ನೋಡೋಣ ಅನಿಸ್ತು. ಇವಳು ಶಾಲು ಕೊಟ್ಲು. ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತಾ?"

"ನಂಗೂ ಗೊತ್ತಿತ್ತು," ಎಂದರು ಹೆಂಡತಿ, ನೆಲ ನೋಡುತ್ತ. "ಇಲಿ ಬಾನೆಟ್ಟಿಂದ ಇಳಿದು ಹೋಗಿದ್ದನ್ನ ನಾನೇ ನೋಡ್ದೆ. ಅತ್ತಿಗೆ ಅವರಾಗೇ ಗ್ಲಾಸ್ ಏರಿಸಿದ್ರಲ್ಲ, ಇಲಿ ವಿಷಯ ಯಾಕೆ ಎತ್ತಲಿ ಅಂತ ಸುಮ್ನಾದೆ. ನಾನೂ ಬೆಂದು ಹೋಗ್ತಿದ್ದೆ."

"ನಿನಗಾ? ಸೆಕೆನಾ?" ಎಂದರು ಅಕ್ಕ.

"ಸ್ವಲ್ಪ," ಎಂದು ಒಪ್ಪಿಕೊಂಡರು ಹೆಂಡತಿ.

ಮೂವರಿಗೂ ಗೊತ್ತಿದ್ದ ಸುಳ್ಳನ್ನು ಮೂವರೂ ಇಡೀ ಬೇಸಿಗೆ ಸ್ವೆಟರ್ ಹಾಕಿ ಸಾಕಿದ್ದರು. ಮೇಷ್ಟ್ರು ನಗಬೇಕೋ ಅಳಬೇಕೋ ತಿಳಿಯದೆ ನೀರಲ್ಲಿ ಒಂದು ಸಲ ಮುಳುಗಿ ಎದ್ದರು. ಏಳುವಷ್ಟರಲ್ಲಿ ಇಬ್ಬರೂ ಸೀರೆ ಎತ್ತಿ ಹಿಡಿದು, ಮೊಣಕಾಲವರೆಗಿನ ನೀರಿನಲ್ಲಿ ಅಕ್ಕಪಕ್ಕ ನಿಂತು, ಆ ದೊಡ್ಡ ಡಾಕ್ಟರ ಇಂಜೆಕ್ಷನ್ನಿನ ಕತೆಯ ಉಳಿದ ಭಾಗಕ್ಕೆ ಬಂದಿದ್ದರು.

ಫ್ಯೂಸಪ್ಪ ವೈರು ಜೋಡಿಸಿದ. ಡಬ್ಬಿ ಈಗ ನಿಜವನ್ನೇ ಹೇಳುತ್ತದೆ, ಯಾರೂ ಅಷ್ಟಾಗಿ ನೋಡುವುದಿಲ್ಲ. ಗ್ಲಾಸು ಏರಿಸುವ ಇಳಿಸುವ ಜಗಳ ಆಗೀಗ ಆಗುತ್ತದೆ, ಆದರೆ ಹಳೆಯ ರಭಸ ಇಲ್ಲ. ಹಲ್ಲಿನ ಡಾಕ್ಟರು ಪರೀಕ್ಷೆ ಪಾಸಾದರು. ಪಾಸಾದ ದಿನವೇ ಹೊಸ ಕಾರನ್ನು ಫ್ಯೂಸಪ್ಪನ ಹತ್ತಿರ ತಂದು ಸೆನ್ಸರಿನ ವೈರು ಕತ್ತರಿಸಿ ಎಂದರು. ಚೆನ್ನಾಗಿರುವ ವೈರನ್ನು ಕತ್ತರಿಸಲು ಆತನಿಗೆ ಮನಸ್ಸೇ ಬರಲಿಲ್ಲವಂತೆ. ಕೊನೆಗೆ ಕಣ್ಣು ಮುಚ್ಚಿ ಕತ್ತರಿಸಿದ. ಇವತ್ತಿಗೂ ಆಕೆ ಸುಡುಬಿಸಿಲಲ್ಲಿ ಮಂಜುಗಡ್ಡೆಯ ಮೇಲೆ ಹೋಗುವ ಹಾಗೆ ಕಾರು ಓಡಿಸುತ್ತಾರೆ. ಒಂದು ಗೀರೂ ಬಿದ್ದಿಲ್ಲ.

ತೊಂದರೆಯಾದದ್ದು ಮೇಷ್ಟ್ರಿಂದ. ಒಮ್ಮೆ ಸೆಕೆ ಎಂದು ಹೇಳಿ ರುಚಿ ಕಂಡವರು ಆಮೇಲೆ ನಿಲ್ಲಿಸಲೇ ಇಲ್ಲ. ಚಹಾ ತೆಳುವಾಯಿತು ಎಂದರು. ಹೊಸ ಪರದೆಯ ಬಣ್ಣ ಕಣ್ಣಿಗೆ ಚುಚ್ಚುತ್ತದೆ ಎಂದರು. ಮೆಟ್ಟಿಲು ಗಟ್ಟಿ, ದಿಂಬು ಎತ್ತರ, ಪಕ್ಕದ ಮನೆಯವರ ಹಾಡು ಶ್ರುತಿ ತಪ್ಪಿದೆ. ಎಷ್ಟೋ ವರ್ಷದಿಂದ ಕೂಡಿಟ್ಟಿದ್ದ ಅಭಿಪ್ರಾಯಗಳೆಲ್ಲ ಒಂದೊಂದಾಗಿ ಹೊರಬಂದವು. ನನಗೂ ಒಂದು ದಿನ ರಸ್ತೆಯಲ್ಲಿ ಸಿಕ್ಕಿ, "ನೀವು ಆಗಲೂ ಗೇರು ಸರಿಯಾಗಿ ಹಾಕ್ತಿರಲಿಲ್ಲ, ಈಗಲೂ ಹಾಕಲ್ಲ," ಎಂದರು. ಹೆಂಡತಿ ಮಹಡಿ ಹತ್ತಿ ಹೋಗಿ ಅತ್ತಿಗೆಯ ಹತ್ತಿರ ದೂರಿದರು. ಅಕ್ಕ ಕಿಟಕಿ ಮುಚ್ಚಿ, "ಹೊಸದರಲ್ಲಿ ಹಾಗೇ ಕಣಮ್ಮ. ಸ್ವಲ್ಪ ದಿನ ತಡ್ಕೋ," ಎಂದು ಸಮಾಧಾನ ಮಾಡಿದರು.

ಮೊನ್ನೆ ಮೇಷ್ಟ್ರಿಗೆ ದವಡೆ ಹಲ್ಲು ಕೀಳಿಸಬೇಕಾಯಿತು. ತಮ್ಮ ಶಿಷ್ಯೆಯ ಕುರ್ಚಿಯಲ್ಲೇ ಹೋಗಿ ಮಲಗಿದರು. "ಎಲ್ಲಿ ನೋವು ಮೇಷ್ಟ್ರೇ?" ಎಂದು ಡಾಕ್ಟರು ವಾಡಿಕೆಯಂತೆ ಕೇಳಿದರು. ಬೇರೆ ರೋಗಿಗಳು ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಮೇಷ್ಟ್ರು ಹೇಳತೊಡಗಿದರು. ನೋವು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಕಿವಿಗೆ ಹೋಗುತ್ತದೆ, ತಣ್ಣಗಿನದು ಕುಡಿದರೆ ಹೇಗೆ, ಬಿಸಿಯದು ಕುಡಿದರೆ ಹೇಗೆ, ಎರಡರಲ್ಲಿ ತಮಗೆ ಯಾವುದು ವಾಸಿ ಎನ್ನಿಸುತ್ತದೆ. ಡಾಕ್ಟರು ಕೈಯಲ್ಲಿ ಸಿರಿಂಜ್ ಹಿಡಿದು, ಮಾತಿನ ನಡುವೆ ಸಂದು ಸಿಕ್ಕಾಗ ಚುಚ್ಚಿದರು. ಮೇಷ್ಟ್ರು ಹೇಳುತ್ತಲೇ ಇದ್ದರು. ಮೊದಲು ತುಟಿ ಮರಗಟ್ಟಿತು, ಆಮೇಲೆ ನಾಲಗೆ; ಅಕ್ಷರಗಳು ಒಂದೊಂದಾಗಿ ಕಳಚಿ ಬಿದ್ದವು, ಮಾತು ಬರೀ ಗೊರಗೊರ ಸದ್ದಾಯಿತು. ಆದರೂ ಅವರು ಕೈಯಾಡಿಸುತ್ತ, ಹುಬ್ಬು ಏರಿಸಿ ಇಳಿಸುತ್ತ ಹೇಳುತ್ತಲೇ ಇದ್ದರು. ಡಾಕ್ಟರು ಇಕ್ಕಳ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಕೂತು, ಅವರು ಮುಗಿಸುವವರೆಗೆ ಹೂಂಗುಟ್ಟುತ್ತ ಕಾದರು.